ಅಜ್ಜಿ ಮನೆಗೆ ನಾಲ್ಕು ಸಾವಿರ

ಬುಲೆಟಿನ್ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ. ರಿಸೆಪ್ಷನ್‌ನಿಂದ ಕಾಲ್ ಕೊಟ್ಟರು. ಆ ಕಡೆಯಿಂದ ವಯಸ್ಸಾದ ದನಿ. "ಟೀವಿನಲ್ಲಿ ಮಾತಾಡೋನು ನೀನೇನಾ ಮಗ? ಅನಾಥಾಶ್ರಮದ ನಂಬರ್ ಒಂದು ಬೇಕಿತ್ತು ಕಣಪ್ಪ."

ಯಾವ ಊರು ಅಜ್ಜಿ ಅಂದೆ. ಅಕ್ಕೂರು ಅಂದರು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ಮೊಮ್ಮಗ ಏಳನೇ ಕ್ಲಾಸು, ಮೊಮ್ಮಗಳು ನಾಲ್ಕನೇ ಕ್ಲಾಸು. ಸೊಸೆ ಮೊದಲೇ ಕಾಯಿಲೆಯಲ್ಲಿ ಹೋಗಿದ್ದಳು, ಮಗ ಈಗ ಆಕ್ಸಿಡೆಂಟಿನಲ್ಲಿ. "ನಂಗೂ ವಯಸ್ಸಾಯ್ತು, ಕೂಲಿ ಮಾಡಿ ಎರಡು ಹೊಟ್ಟೆ ತುಂಬ್ಸೋಕಾಗಲ್ಲ. ಎಲ್ಲಾದ್ರೂ ಸೇರಿಸ್ಬುಟ್ರೆ ಊಟನಾದ್ರೂ ಸಿಗ್ತದೆ."

ಮಕ್ಕಳಿಗೆ ನೀವು ಬೇಡವಾ, ನಿಮಗೆ ಮಕ್ಕಳು ಬೇಡವಾ ಅಂತ ಕೇಳಿದೆ. ಕೇಳಬಾರದಿತ್ತು. ಅಜ್ಜಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈಗ ನೀವೇ ಹೇಳಿ ವೀಕ್ಷಕರೇ. ಈ ಮನೆಯಲ್ಲಿ ಏನು ಕೊರತೆ? ಪ್ರೀತಿಯದಾ? ಅಲ್ಲ. ಕೊರತೆ ಇರೋದು ದುಡ್ಡಿನದು. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ತೆಗೆಯಬಾರದು ಅಂತ ವಿಶ್ವಸಂಸ್ಥೆ 2009ರಲ್ಲೇ ಒಪ್ಪಿಕೊಂಡ ಮಾರ್ಗಸೂಚಿಯಲ್ಲಿದೆ. ಅದು ನ್ಯೂಯಾರ್ಕಿನ ಮಾತು ಬಿಡಿ, ನಮ್ಮದೇ ಕಾನೂನು ಏನು ಹೇಳುತ್ತೆ ನೋಡೋಣ.

ಬಾಲ ನ್ಯಾಯ ಕಾಯ್ದೆ, 2015. ಜಾರಿಗೆ ಬಂದಿದ್ದು 2016ರ ಜನವರಿಯಲ್ಲಿ. ಇದರ ಸೆಕ್ಷನ್ 3ರಲ್ಲಿ ಮೂಲ ತತ್ವಗಳ ಪಟ್ಟಿ ಇದೆ. ಮಗುವನ್ನು ನೋಡಿಕೊಳ್ಳೋ ಮೊದಲ ಜವಾಬ್ದಾರಿ ಕುಟುಂಬದ್ದು, ಬಾಲಮಂದಿರಕ್ಕೆ ಸೇರಿಸೋದು ಎಲ್ಲಕ್ಕಿಂತ ಕೊನೆಯ ದಾರಿ. ಗಮನಿಸಿ, ಕೊನೆಯ ದಾರಿ. ನಾವು ಮಾತ್ರ ಅಲ್ಲಿಂದಲೇ ಶುರು ಮಾಡ್ತೀವಿ. ತಂದೆ ತಾಯಿ ಹೋದ ಮಕ್ಕಳ ಸುದ್ದಿ ಬಂದ ಕೂಡಲೇ ನಮ್ಮ ಡೆಸ್ಕಿನಲ್ಲಿ ಬರೆಯೋ ಮೊದಲ ಸಾಲು "ಯಾವ ಆಶ್ರಮ ಸೇರ್ತಾರೆ ಈ ಕಂದಮ್ಮಗಳು?" ನಾನೂ ಓದಿದ್ದೀನಿ ಆ ಸಾಲನ್ನ, ಹಿಂದೆ ದುಃಖದ ಮ್ಯೂಸಿಕ್ ಹಾಕಿಕೊಂಡು. ಮಕ್ಕಳ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತ ಅಜ್ಜಿ ಕ್ಯಾಮೆರಾ ಫ್ರೇಮಿನಲ್ಲೇ ಇರ್ತಾರೆ. ಅವರನ್ನು ಯಾರೂ ಏನೂ ಕೇಳಲ್ಲ. ಅಂದ ಹಾಗೆ, ಇಂಥ ಮಕ್ಕಳ ಮುಖ, ಹೆಸರು, ಶಾಲೆ ತೋರಿಸೋದು ಅದೇ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅಪರಾಧ. ಅದಕ್ಕೇ ಈ ಅಜ್ಜಿಯ ಹೆಸರು ನಿಮಗೆ ಹೇಳ್ತಿಲ್ಲ.

ಕೊನೆಯ ದಾರಿಗೆ ಮುಂಚೆ ಏನೇನಿದೆ? ಮೊದಲು ಸ್ವಂತ ಮನೆ. ಅದಾಗದಿದ್ದರೆ ರಕ್ತಸಂಬಂಧಿಕರು, ಅಂದರೆ ಅಜ್ಜಿ, ತಾತ, ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ. ಅವರ್ಯಾರೂ ಇಲ್ಲದಿದ್ದರೆ ಫಾಸ್ಟರ್ ಕೇರ್. ಬೇರೆ ಕುಟುಂಬವೊಂದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗುವನ್ನು ತನ್ನ ಮನೆಯಲ್ಲಿಟ್ಟು ಸಾಕೋದು. ದತ್ತು ಬೇರೆ, ಇದು ಬೇರೆ. ಇಲ್ಲಿ ಮಗು ಕಾನೂನಿನ ಪ್ರಕಾರ ಆ ಮನೆಯ ಮಗು ಆಗೋದಿಲ್ಲ. ಒಳ್ಳೆಯ ವ್ಯವಸ್ಥೆಯೇ. ಆದರೆ ಅಜ್ಜಿ ಬದುಕಿರುವಾಗ ಅಪರಿಚಿತರ ಮನೆ ಯಾಕೆ?

ಅಜ್ಜಿಯಂಥವರಿಗಾಗಿಯೇ ಸೆಕ್ಷನ್ 45 ಇದೆ. ಅದರ ಹೆಸರು ಪ್ರಾಯೋಜಕತ್ವ. ಕೇಳಿದರೆ ಕ್ರಿಕೆಟ್ ಟೂರ್ನಮೆಂಟ್ ನೆನಪಾಗುತ್ತೆ! ಇಷ್ಟು ದೊಡ್ಡ ಪದ ಇಟ್ಟರೆ ಅಕ್ಕೂರಿನ ಅಜ್ಜಿಗೆ ಇದು ತನಗೇ ಅಂತ ಹೇಗೆ ಗೊತ್ತಾಗಬೇಕು? ಅರ್ಥ ಮಾತ್ರ ಸರಳ. ಮಗು ಮನೆ ಬಿಟ್ಟು ಹೋಗದ ಹಾಗೆ ಆ ಮನೆಗೆ ತಿಂಗಳು ತಿಂಗಳು ಸಹಾಯಧನ. ಯಾರಿಗೆ? ತಾಯಿ ವಿಧವೆ ಆಗಿದ್ದರೆ, ವಿಚ್ಛೇದಿತೆ ಆಗಿದ್ದರೆ ಅಥವಾ ಮನೆಯವರು ಆಕೆಯನ್ನು ಕೈಬಿಟ್ಟಿದ್ದರೆ. ಅಪ್ಪ ಅಮ್ಮನಿಗೆ ಜೀವ ತೆಗೆಯುವಂಥ ಕಾಯಿಲೆ ಇದ್ದರೆ. ಅಪಘಾತವಾಗಿ ಮಕ್ಕಳನ್ನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ. ಮತ್ತೆ, ತಂದೆ ತಾಯಿ ಇಬ್ಬರೂ ಇಲ್ಲದ ಮಗು ಬಂಧುಗಳ ಮನೆಯಲ್ಲಿ ಬೆಳೆಯುತ್ತಿದ್ದರೆ. ಅಜ್ಜಿಯ ಮನೆ ಈ ಕೊನೆಯ ಸಾಲಿನಲ್ಲಿ ಹಾಗೇ ಕೂತಿದೆ.

ಎಷ್ಟು ದುಡ್ಡು? ಮೊದಲು 2,000 ರೂಪಾಯಿ ಇತ್ತು. 2022ರಲ್ಲಿ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಬಂದಾಗ ಒಂದು ಮಗುವಿಗೆ ತಿಂಗಳಿಗೆ 4,000 ಆಯಿತು. ಹದಿನೆಂಟು ವರ್ಷ ತುಂಬೋವರೆಗೂ ಸಿಗಬಹುದು. ಇಬ್ಬರು ಮಕ್ಕಳಿಗೆ 8,000. ಅಜ್ಜಿಗೆ ಈಗ ಬರ್ತಿರೋದು ಸಂಧ್ಯಾ ಸುರಕ್ಷಾದ 1,200. ಸೊಸೆ ಹೆಸರಲ್ಲಿದ್ದ ರೇಷನ್ ಕಾರ್ಡನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿಲ್ಲ, ಹಾಗಾಗಿ ಗೃಹಲಕ್ಷ್ಮಿಯ 2,000 ಕೂಡ ಇಲ್ಲ. ಸಾವು ಬಂದ ಮನೆಗಳಲ್ಲಿ ಇದು ಮಾಮೂಲು. ಮನುಷ್ಯರ ಜೊತೆಗೆ ಕಾಗದಗಳೂ ಸತ್ತುಹೋಗ್ತವೆ.

ನಾನು ಓದಿದ್ದು ಎಂಜಿನಿಯರಿಂಗ್. ವರ್ಕ್‌ಶಾಪಿನಲ್ಲಿ ನಮ್ಮ ಮೇಷ್ಟ್ರು ಎರಡು ಥರದ ಮೇಂಟೆನೆನ್ಸ್ ಹೇಳಿಕೊಟ್ಟಿದ್ದರು. ಮೆಷಿನ್ ಕೆಡುವ ಮುಂಚೆ ಬೇರಿಂಗಿಗೆ ಗ್ರೀಸ್ ಹಾಕೋದು ಒಂದು. ಕೆಟ್ಟು ನಿಂತ ಮೇಲೆ ಬಿಚ್ಚೋದು ಇನ್ನೊಂದು. ಎರಡನೆಯದಕ್ಕೆ ಖರ್ಚು ಜಾಸ್ತಿ, ಮೆಷಿನ್ ಮೊದಲಿನ ಹಾಗೆ ಓಡುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಮಕ್ಕಳ ವಿಷಯದಲ್ಲಿ ಸರ್ಕಾರಗಳು ಬಹಳ ಕಾಲ ಮಾಡಿದ್ದು ಎರಡನೆಯದನ್ನೇ. ಕಟ್ಟಡ, ವಾರ್ಡನ್, ಅಡುಗೆಯವರು, ವಾಚ್‌ಮನ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅಮೆರಿಕದಂಥ ಶ್ರೀಮಂತ ದೇಶದಲ್ಲೂ ಇದೇ ಕಥೆ. ಅಲ್ಲಿ ಕೇಂದ್ರ ಸರ್ಕಾರದ ದೊಡ್ಡ ಹಣ ಹರಿಯುತ್ತಿದ್ದದ್ದು ಮಗುವನ್ನು ಮನೆಯಿಂದ ತೆಗೆದ ಮೇಲೆ. ಮನೆ ಮುರಿಯದ ಹಾಗೆ ನೋಡಿಕೊಳ್ಳೋಕೂ ಅದೇ ಹಣ ಬಳಸಬಹುದು ಅಂತ ಕಾನೂನು ಬಂದಿದ್ದು 2018ರಲ್ಲಿ. ಅಪ್ಪ ಅಮ್ಮನ ಕುಡಿತ, ಮಾದಕ ವ್ಯಸನ ಬಿಡಿಸೋಕೆ, ಮಾನಸಿಕ ಚಿಕಿತ್ಸೆಗೆ, ಮಕ್ಕಳನ್ನು ಸಾಕೋದು ಹೇಗೆ ಅಂತ ಮನೆಗೇ ಹೋಗಿ ಕಲಿಸೋಕೆ. ಸಾಕೋ ಅಜ್ಜಿ ತಾತಂದಿರಿಗೆ ಲೈಸೆನ್ಸ್ ಕೊಡುವಾಗ ಹೊರಗಿನವರಿಗಿಂತ ಬೇರೆ, ಸರಳ ನಿಯಮ ಮಾಡಿಕೊಳ್ಳಿ ಅಂತ ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದು 2023ರಲ್ಲಿ. ಕಾಗದದ ಮೇಲೆ ನಾವೇ ವಾಸಿ. ನಮ್ಮ ಕಾಯ್ದೆ 2015ರಲ್ಲೇ ಬಂಧುಗಳ ಮನೆಯನ್ನು ಹೆಸರಿಸಿತ್ತು.

ಕಾಗದದ ಮೇಲೆ ಅಂದೆ. ಯಾಕೆ ಅಂತ ಒಂದು ಅಂಕಿ ಹೇಳ್ತೀನಿ. ಕೋವಿಡ್ ಶುರುವಾದಾಗ ದೇಶದ ಬಾಲಮಂದಿರ, ಆಶ್ರಮಗಳಲ್ಲಿ ಇದ್ದ ಮಕ್ಕಳು 2,27,518. ಅವರಲ್ಲಿ 1,45,788 ಮಕ್ಕಳನ್ನು ಅವರ ಕುಟುಂಬಕ್ಕೋ ಪೋಷಕರಿಗೋ ವಾಪಸ್ ಕಳಿಸಲಾಗಿದೆ ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಲೆಕ್ಕ ಬಂತು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು! ಅಂದರೆ ಅಷ್ಟೂ ಮಕ್ಕಳಿಗೆ ಹೋಗೋಕೆ ಒಂದು ಮನೆ ಇತ್ತು. ವಾಪಸ್ ಹೋದ ಮಕ್ಕಳ ಓದಿಗೆ ತಿಂಗಳಿಗೆ 2,000 ಕೊಡಿ ಅಂತ ಕೋರ್ಟ್ ರಾಜ್ಯಗಳಿಗೆ ಹೇಳಿತು. ಮನೆ ಇದ್ದ ಮಕ್ಕಳು ಅಲ್ಲಿಗೆ ಬಂದಿದ್ದಾದರೂ ಯಾಕೆ ಅನ್ನೋದಕ್ಕೆ ಆ ಎರಡು ಸಾವಿರದಲ್ಲೇ ಅರ್ಧ ಉತ್ತರ ಇದೆ.

ಕೋವಿಡ್‌ನಲ್ಲಿ ನಮ್ಮ ರಾಜ್ಯ ಇದನ್ನು ಮಾಡಿ ತೋರಿಸಿತ್ತು ಕೂಡ. 2021ರ ಮೇ 29ರಂದು ಯಡಿಯೂರಪ್ಪನವರು ಘೋಷಿಸಿದ ಬಾಲ ಸೇವಾ ಯೋಜನೆಯಲ್ಲಿ, ಅನಾಥರಾದ ಮಗುವನ್ನು ನೋಡಿಕೊಳ್ಳುವ ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ ಅಂತ ಇತ್ತು. ಸಾಕುವವರು ಯಾರೂ ಇಲ್ಲದಿದ್ದರೆ ಮಾತ್ರ ಸಂಸ್ಥೆ. ಕೊರೊನಾದಲ್ಲಿ ಅಪ್ಪ ಸತ್ತರೆ ಆ ಸುದ್ದಿ ಬೆಂಗಳೂರಿಗೆ ಮುಟ್ಟಿತು. ಬೈಕ್ ಆಕ್ಸಿಡೆಂಟಿನಲ್ಲಿ ಸತ್ತರೆ ಅಕ್ಕೂರಿನಿಂದ ರಾಮನಗರಕ್ಕೂ ಮುಟ್ಟಲ್ಲ.

ಹಾಗಾದರೆ ತೊಡಕು ಎಲ್ಲಿ? ಆದಾಯ ಮಿತಿಯಲ್ಲಿ. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ದಾಟಬಾರದು, ಬೇರೆ ಕಡೆ 96,000. ಲೆಕ್ಕ ಹಾಕಿ. 72,000 ಅಂದರೆ ತಿಂಗಳಿಗೆ ಆರು ಸಾವಿರ. ನರೇಗಾದ 2025-26ರ ಕೂಲಿ ದಿನಕ್ಕೆ 370. ಆ ದರದಲ್ಲಿ ಒಬ್ಬರೇ ವರ್ಷಕ್ಕೆ 195 ದಿನ ದುಡಿದರೆ ಮಿತಿ ದಾಟಿತು! ಅಜ್ಜಿಯ ಬದಲು ಚಿಕ್ಕಪ್ಪ ಸಾಕುತ್ತಿದ್ದು, ಆತ ಬಿಡದಿಯ ಫ್ಯಾಕ್ಟರಿಗೋ ಗಾರ್ಮೆಂಟ್ಸಿಗೋ ಹೋಗುವವನಾಗಿದ್ದರೆ ಅರ್ಜಿ ಮುಂದಕ್ಕೇ ಹೋಗಲ್ಲ. ತನ್ನ ಎರಡು ಮಕ್ಕಳ ಜೊತೆ ಅಣ್ಣನ ಎರಡು ಮಕ್ಕಳನ್ನೂ ಸಾಕೋ ಮನುಷ್ಯನನ್ನು ಶ್ರೀಮಂತ ಅಂತ ತೀರ್ಮಾನಿಸುವ ಲೆಕ್ಕ ಇದು. ಈ ಮಿತಿ ಏರಲೇಬೇಕು, ನನಗಂತೂ ಇದರಲ್ಲಿ ಅನುಮಾನ ಇಲ್ಲ.

ದುಡ್ಡು ಕೊಟ್ಟರೆ ಸಾಕಾ ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಬಂಧುಗಳೆಲ್ಲ ಅಜ್ಜಿಯ ಹಾಗೆ ಇರಲ್ಲ. ಇದು ರೇಷ್ಮೆ ಸೀಮೆ. ರೀಲಿಂಗ್ ಘಟಕಗಳಲ್ಲಿ ಬಿಸಿನೀರಿಗೆ ಕೈ ಹಾಕಿ ಮಕ್ಕಳು ದುಡಿದ ಕಾಲ ಬಹಳ ಹಿಂದಿನದಲ್ಲ, 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ರೇಷ್ಮೆ ಉದ್ಯಮದ ಜೀತಮಕ್ಕಳ ಬಗ್ಗೆಯೇ ವರದಿ ತಂದಿತ್ತು. ಮಗು ಮನೆಯಲ್ಲಿದೆ ಅಂದ ಮಾತ್ರಕ್ಕೆ ಸುಖವಾಗಿದೆ ಅಂತಲ್ಲ. ಹುಡುಗನನ್ನು ದನ ಕಾಯೋಕೆ ಕಳಿಸಬಹುದು, ಹುಡುಗಿಗೆ ಹದಿನೈದಕ್ಕೇ ಮದುವೆ ಮಾಡಿ ಕೈತೊಳೆದುಕೊಳ್ಳಬಹುದು. ಅದಕ್ಕೇ ದುಡ್ಡಿನ ಹಿಂದೆ ಮನುಷ್ಯರು ಹೋಗಬೇಕು. ಅರ್ಜಿ ಬಂದಾಗ ಸಮಾಜ ಕಾರ್ಯಕರ್ತರು ಮನೆ ನೋಡಬೇಕು, ಆಮೇಲೂ ನೋಡ್ತಿರಬೇಕು, ಮಗು ಶಾಲೆಗೆ ಹೋಗ್ತಿದೆಯಾ ಅಂತ ವಿಚಾರಿಸಬೇಕು. ಮನೆಯೇ ಅಪಾಯ ಅನ್ನೋ ಕಡೆ ಮಗುವನ್ನು ಹೊರಗೆ ತರಲೇಬೇಕು, ಅಲ್ಲಿ ಬಾಲಮಂದಿರವೂ ಬೇಕು, ಫಾಸ್ಟರ್ ಕೇರೂ ಬೇಕು. ನಾನು ಹೇಳ್ತಿರೋದು ಅಪಾಯಕ್ಕೂ ಬಡತನಕ್ಕೂ ವ್ಯತ್ಯಾಸ ಗೊತ್ತಿರಲಿ ಅಂತ.

ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. ಎರಡೇ ಮಾತು ಹೇಳಿದೆ. 1098ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ, ಇಲ್ಲಾಂದ್ರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಕ್ಕಳ ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ಮಗ ಸೊಸೆಯ ಮರಣ ಪ್ರಮಾಣಪತ್ರ ಜೊತೆಗಿರಲಿ. ಅಜ್ಜಿ "ತಾಳು ಮಗ" ಅಂದು ಮೊಮ್ಮಗನನ್ನು ಕರೆದರು. ನಾನು ಒಂದೊಂದಾಗಿ ಹೇಳಿದೆ, ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮರಣ ಪ್ರಮಾಣಪತ್ರ ಅಂದಾಗ ಹುಡುಗ ಕೇಳಿದ, "ಸಾರ್, ಅಪ್ಪುಂದು ಮಾತ್ರನಾ, ಅಮ್ಮುಂದೂನಾ?"

ಎರಡೂ ಬೇಕು ಕಣಪ್ಪ ಅಂದೆ.

ಮೂರು ವಾರ ಬಿಟ್ಟು ನಾನೇ ಫೋನ್ ಮಾಡಿದೆ. ಆದಾಯ ಪ್ರಮಾಣಪತ್ರ ಕೈಗೆ ಬಂದಿದೆ. ಸೊಸೆಯ ಮರಣ ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿರೋ ಹಾಗಿಲ್ಲ, ತಿದ್ದಿಸಬೇಕಂತೆ. ಸೋಮವಾರ ಕೂಲಿ ಬಿಟ್ಟು ಚನ್ನಪಟ್ಟಣಕ್ಕೆ ಹೋಗ್ತೀನಿ ಅಂದರು ಅಜ್ಜಿ. ಆಶ್ರಮದ ನಂಬರ್ ಮತ್ತೆ ಕೇಳಲಿಲ್ಲ.