ನಿಮಗಿದು ಗೊತ್ತೆ? ಬೀದಿಯಲ್ಲಿ ನಿಂತ ಸಂಗೀತಗಾರ ‘ಮೂನ್‌ಡಾಗ್’

ಕೊಂಬಿನ ಶಿರಸ್ತ್ರಾಣ, ಉದ್ದನೆಯ ನಿಲುವಂಗಿ, ಕೈಯಲ್ಲಿ ಈಟಿ. ನ್ಯೂಯಾರ್ಕಿನ ಆರನೇ ಅವೆನ್ಯೂದಲ್ಲಿ ವರ್ಷಗಟ್ಟಲೆ ಹೀಗೆ ನಿಲ್ಲುತ್ತಿದ್ದ ಅಂಧನನ್ನು ದಾರಿಹೋಕರು ಅನೇಕರು ಭಿಕ್ಷುಕನೆಂದೇ ತಿಳಿದಿದ್ದರು. ಆತ ಅಪ್ಪಟ ಸಂಗೀತ ಸಂಯೋಜಕ ಲೂಯಿಸ್ ಹಾರ್ಡಿನ್!

1916ರಲ್ಲಿ ಅಮೆರಿಕದ ಕ್ಯಾನ್ಸಾಸ್‌ನಲ್ಲಿ ಹುಟ್ಟಿದ ಹಾರ್ಡಿನ್, ಹದಿನಾರರ ಹರೆಯದಲ್ಲಿ ಡೈನಮೈಟ್ ಕ್ಯಾಪ್ ಸಿಡಿದು ದೃಷ್ಟಿ ಕಳೆದುಕೊಂಡ. ಛಲ ಬಿಡಲಿಲ್ಲ. ಬ್ರೈಲ್‌ನಲ್ಲೇ ಕೃತಿಗಳನ್ನು ಬರೆದ. ‘ಟ್ರಿಂಬಾ’ ಎಂಬ ತ್ರಿಕೋನಾಕಾರದ ತಾಳವಾದ್ಯವನ್ನು ತಾನೇ ರೂಪಿಸಿದ. ಐದು, ಏಳು ಮಾತ್ರೆಗಳ ತಾಳಗಳೆಂದರೆ ಅವನಿಗೆ ಬಲು ಇಷ್ಟ. ಚಂದ್ರನನ್ನು ಕಂಡು ಊಳಿಡುತ್ತಿದ್ದ ನಾಯಿಯ ನೆನಪಿಗೆ ‘ಮೂನ್‌ಡಾಗ್’ ಎಂದು ಹೆಸರಿಟ್ಟುಕೊಂಡ. ಅದೇ ಹೆಸರು ಬಳಸುತ್ತಿದ್ದ ಖ್ಯಾತ ರೇಡಿಯೊ ನಿರೂಪಕ ಅಲನ್ ಫ್ರೀಡ್ ವಿರುದ್ಧ ಕೋರ್ಟಿಗೆ ಹೋಗಿ, 1954ರಲ್ಲಿ ಗೆದ್ದ.

1974ರಲ್ಲಿ ಜರ್ಮನಿ ಸೇರಿ, 1999ರಲ್ಲಿ ಅಲ್ಲೇ ತೀರಿಕೊಂಡ. ಜಾಝ್ ದಿಗ್ಗಜ ಚಾರ್ಲಿ ಪಾರ್ಕರ್ ಸ್ಮರಣೆಗೆ ಅವನು ರಚಿಸಿದ ‘ಬರ್ಡ್ಸ್ ಲಮೆಂಟ್’ ತೀರಾ ಪುಟ್ಟ ಕೃತಿ. ಬಿಡುವು ಮಾಡಿಕೊಂಡು ಕೇಳಿ.