ಹಳೇ ಕಾರಿನ ಗಾಲಿ ಯಾಕೆ ಗುಂಯ್ ಅನ್ನತ್ತೆ?

ನಮ್ಮ ತಾತಂದಿರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಕಾರಿನ ಗಾಲಿ ಸಲೀಸಾಗಿ ತಿರುಗಲು ಬೇರಿಂಗ್ ಇದೆ: ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು, ಸುತ್ತ ಗ್ರೀಸು. ಕುಂದಲಹಳ್ಳಿಯಲ್ಲಿ ಮಳೆ ಬಂದಾಗ ನೀರು ನಿಂತ ಗುಂಡಿಗಳಿಗೇನು ಬರವೇ? ಆ ನೀರು, ಮಣ್ಣು ಒಳಗೆ ಹೋದರೆ ಗ್ರೀಸು ಕೆಡತ್ತೆ, ಗುಂಡು ಸವೆಯತ್ತೆ. ಆಮೇಲೆ ವೇಗ ಏರಿದಂತೆ ಗುಂಯ್ ಅನ್ನೋ ಸದ್ದೂ ಏರತ್ತೆ. ಬಲಕ್ಕೆ ತಿರುಗುವಾಗ ಸದ್ದು ಜೋರಾದರೆ ಸಾಮಾನ್ಯವಾಗಿ ಎಡಗಾಲಿ ನೋಡಬೇಕು. ಭಾರ ಆ ಕಡೆಗೆ ಬೀಳತ್ತಲ್ಲ!

ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಮುಂದಿನ ಗಾಲಿ ಟಕ್‌ಟಕ್ ಅಂದರೆ ಬೇರಿಂಗ್ ಸವೆದಿರಬೇಕು, ಇಲ್ಲವೇ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್. ಒಬ್ಬರು ಬ್ರೇಕ್ ತುಳಿದಾಗ ಅಲ್ಲಾಟ ನಿಂತರೆ ಬೇರಿಂಗೇ ಅನ್ನಬಹುದು. ಬರೀ ಜಾಕ್ ನಂಬಿ ಕಾರಿನಡಿ ತೂರಬೇಡಿ. ಇಟ್ಟಿಗೆಯೂ ಬೇಡ, ಒಡೆಯತ್ತೆ. ಕಬ್ಬಿಣದ ಸ್ಟ್ಯಾಂಡೇ ಬೇಕು.

ಹಳೇ ಮಾರುತಿ 800ರ ಹಿಂದಿನ ಬೇರಿಂಗನ್ನು ಮನೆಯಲ್ಲೇ ದೊಡ್ಡವರು ಬದಲಿಸಬಹುದು, ನಾವು ನೋಡಿ ಕಲಿಯಬಹುದು. ಅದರ ನಟ್ಟು ಕಳಚದಂತೆ ಗಾಡಿಯ ಕಡಾಣಿಯಂಥ ಸ್ಪ್ಲಿಟ್ ಪಿನ್ ಇರತ್ತೆ. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಬಾರದು. ಅದು ಮುರಿದರೆ ನಟ್ಟು ಬಿಚ್ಚಿ ಗಾಲಿಯೇ ಹೋದೀತು. ಮುಂದಿನ ಬೇರಿಂಗಿಗೆ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹೊಸದೂ ಕೆಡತ್ತೆ, ಅದನ್ನು ಗ್ಯಾರೇಜಿಗೇ ಕೊಡಿ.