ಬಣ್ಣಕ್ಕೆ ಮೊದಲು ಎಂಜಿನ್

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳು ಇಂದಿಗೂ ಓಡುತ್ತಿರುವುದಕ್ಕೆ ಊರೂರಿನ ಗ್ಯಾರೇಜು ಮತ್ತು ಲೇತ್ ಅಂಗಡಿಗಳಲ್ಲಿ ಉಳಿದುಬಂದಿರುವ ಪುನರ್ನಿರ್ಮಾಣದ ಕಸುಬೇ ಕಾರಣ. ಅದೇ ಹೆಸರುಗಳನ್ನು ಹೊತ್ತ ಹೊಸ ಗಾಡಿಗಳು, ಜಾವಾ 2018ರಲ್ಲಿ ಮತ್ತು ಯೆಜ್ಡಿ 2022ರಲ್ಲಿ, ಮಾರುಕಟ್ಟೆಗೆ ಮರಳಿದ್ದರೂ ಅವುಗಳ ಎಂಜಿನ್ ದ್ರವದಿಂದ ತಂಪಾಗುವ ಫೋರ್-ಸ್ಟ್ರೋಕ್ ಬಗೆಯದಾದ್ದರಿಂದ, ಅದರ ಬಿಡಿಭಾಗಗಳು ಮೈಸೂರಿನ ಹಳೆಯ ಟು-ಸ್ಟ್ರೋಕ್ ಎಂಜಿನ್ನಿಗೆ ಕೂರುವುದಿಲ್ಲ. ಹಳೆಯದನ್ನು ಉಳಿಸಿಕೊಳ್ಳಬಯಸುವವರಿಗೆ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದೊಂದೇ ದಾರಿ.

ಟು-ಸ್ಟ್ರೋಕ್ ಎಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಇಂಧನವನ್ನು ಎಳೆದುಕೊಂಡು, ಒತ್ತಿ, ಉರಿಸಿ, ಹೊಗೆಯನ್ನು ಹೊರಹಾಕುವ ಎಂಜಿನ್. ಇಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್ ಎಂಬ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಜಾವಾ 250ರಲ್ಲಿ 65 ಮಿ.ಮೀ. ವ್ಯಾಸದ ಒಂದೇ ಸಿಲಿಂಡರ್ ಇದ್ದು, ಅದಕ್ಕೆ ಎರಡು ಸೈಲೆನ್ಸರುಗಳಿವೆ. ಭಾಗಗಳು ಕಡಿಮೆಯೆಂಬ ಕಾರಣಕ್ಕೆ ಕೆಲಸ ಸುಲಭವೆಂದು ಭಾವಿಸುವಂತಿಲ್ಲ. ಏಕೆಂದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿಗೆ, ಅಂದರೆ ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ ಮೇಲಕ್ಕೆ ನುಗ್ಗುವುದರಿಂದ ಆ ಕೋಣೆಯಲ್ಲಿ ಕೂದಲೆಳೆಯಷ್ಟೂ ಸೋರಿಕೆ ಇರಕೂಡದು. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲ್ ಎಂಬ ರಬ್ಬರ್ ಬಳೆಗಳ ಪೈಕಿ ಕ್ಲಚ್ ಬದಿಯದು ಸವೆದರೆ ಗೇರ್ ಎಣ್ಣೆ ಒಳಕ್ಕೆ ಸೇರಿ ದಟ್ಟವಾದ ಬಿಳಿ ಹೊಗೆ ಬರುತ್ತದೆ. ಡೈನಮೊ ಬದಿಯದು ಸವೆದರೆ ಹೊರಗಿನ ಗಾಳಿ ನುಸುಳಿ, ಮಿಶ್ರಣ ತೆಳುವಾಗಿ, ಎಂಜಿನ್ ಅತಿಯಾಗಿ ಕಾಯ್ದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕೆಲವೇ ರೂಪಾಯಿಗಳ ಈ ಸೀಲನ್ನು ಕಡೆಗಣಿಸಿ ಟ್ಯಾಂಕಿನ ಬಣ್ಣಕ್ಕೂ ರಿಮ್ಮಿನ ಕ್ರೋಮಿಗೂ ಸಾವಿರಾರು ಸುರಿಯುವುದು ಈ ಹವ್ಯಾಸದಲ್ಲಿ ಪದೇ ಪದೇ ಕಾಣುವ ತಪ್ಪು.

ಕ್ರ್ಯಾಂಕ್ ಈ ಎಂಜಿನ್ನಿನಲ್ಲಿ ಒಂದೇ ತುಂಡಿನದಲ್ಲ. ಎರಡು ಭಾರವಾದ ಚಕ್ರಗಳನ್ನು ಒಂದು ಪಿನ್ನಿನ ಮೇಲೆ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುವುದರಿಂದ, ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್ ಸವೆದಾಗ ಅದನ್ನು ಬಿಡಿಸಿ, ಹೊಸ ಪಿನ್ ಕೂರಿಸಿ, ಎರಡೂ ಬದಿಗಳು ಒಂದೇ ನೇರದಲ್ಲಿ ತಿರುಗುವವರೆಗೆ ಡಯಲ್ ಗೇಜಿನಲ್ಲಿ ನೋಡಿ ನೋಡಿ ತಟ್ಟಿ ಸರಿಪಡಿಸಬೇಕು. ಇಡೀ ಕಸುಬಿನಲ್ಲಿ ಅತ್ಯಂತ ಗೌರವಕ್ಕೆ ಪಾತ್ರವಾಗಬೇಕಾದ ಕೆಲಸವಿದು. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸುವುದು, ಅಂದರೆ ಒಳಗೋಡೆಯನ್ನು ಕೊರೆದು ಹಿಗ್ಗಿಸುವುದು ಅನಿವಾರ್ಯವಾಗುತ್ತದೆ, ಮತ್ತು ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಏರಿಕೆಯಲ್ಲಿ ಸಿಗುವುದರಿಂದ ಕೈಗೆ ಬಂದ ಪಿಸ್ಟನ್ನನ್ನು ಮೊದಲು ಅಳೆದು, ಆಮೇಲೆ ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆಸುವುದು ಸರಿಯಾದ ಕ್ರಮ. ಸಿಲಿಂಡರ್ ಸವೆಯಲು ಧೂಳೂ ಒಂದು ಕಾರಣ: ಗಣಿ ಸೀಮೆಯಲ್ಲಿ, ಹೊಸಪೇಟೆಯ ಚಿತ್ತವಾಡ್ಗಿಯಿಂದ ಸಂಡೂರಿನ ಕಡೆಗೆ ಓಡಾಡುವ ಗಾಡಿಗೆ ಅದಿರಿನ ಕೆಂಧೂಳು ತಪ್ಪಿದ್ದಲ್ಲ. ಏರ್ ಫಿಲ್ಟರ್ ಕೆಟ್ಟಿದ್ದರೆ ಆ ಧೂಳು ಅರದಂತೆ ಸಿಲಿಂಡರನ್ನು ಉಜ್ಜುವುದರಿಂದ, ಈ ಸೀಮೆಯಲ್ಲಿ ಫಿಲ್ಟರಿನ ಆರೈಕೆ ಎಂಜಿನ್ ಕೆಲಸದ ಭಾಗವೇ ಆಗಿದೆ.

ಟ್ಯೂನಿಂಗ್ ಎಂಬ ಹೊಂದಾಣಿಕೆಯ ಕೆಲಸ ಆರಂಭವಾಗುವುದು ಇದೆಲ್ಲ ಮುಗಿದ ಮೇಲೆ. ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ತೆರೆದ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟಲು ಇನ್ನು ಕೆಲವೇ ಮಿಲಿಮೀಟರು ಇರುವಾಗ ಅದು ತೆರೆಯುವಂತೆ ಹೊಂದಿಸುವುದೇ ಟೈಮಿಂಗ್. ಕಿಡಿ ಬೇಗ ಹಾರಿದರೆ ಎಂಜಿನ್ ಬಡಿದುಕೊಳ್ಳುತ್ತದೆ, ತಡವಾದರೆ ಬಲ ಕುಂದಿ ಸೈಲೆನ್ಸರ್ ಕಾಯುತ್ತದೆ. ಕಾರ್ಬುರೇಟರ್ ಮಿಶ್ರಣ ಹದವಾಗಿದೆಯೇ ಎಂಬುದನ್ನು ಪ್ಲಗ್ ಬಿಚ್ಚಿ ನೋಡಿದರೆ ತಿಳಿಯುತ್ತದೆ: ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪು ಮಸಿ ಹಿಡಿದಿದ್ದರೆ ಹೆಚ್ಚು. ಸೈಲೆನ್ಸರಿನೊಳಗಿನ ಬ್ಯಾಫಲ್ ಎಂಬ ತೂತಿನ ಕೊಳವೆಯನ್ನು ಹೊರತೆಗೆದು ಮಸಿ ಕಳೆದು ಮತ್ತೆ ಹಾಕಬೇಕೇ ಹೊರತು, ಸದ್ದಿನ ಆಸೆಗೆ ಅದನ್ನು ಎಸೆಯಬಾರದು. ಹೊರಹೋಗುವ ಹೊಗೆಯ ಹಿಮ್ಮುಖ ಒತ್ತಡವನ್ನು ಲೆಕ್ಕ ಹಾಕಿಯೇ ಈ ಎಂಜಿನ್ ರೂಪುಗೊಂಡಿರುವುದರಿಂದ, ಬ್ಯಾಫಲ್ ಇಲ್ಲದ ಗಾಡಿ ಕೂಗುತ್ತದೆಯಾದರೂ ಏರಿನಲ್ಲಿ ಸೋಲುತ್ತದೆ.

ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುವ, ಒಂದಿಷ್ಟು ಇಂಧನವನ್ನು ಉರಿಯದೆಯೇ ಹೊರಬಿಡುವ ಈ ಬಗೆಯ ಎಂಜಿನ್ ಹೊಸದಕ್ಕಿಂತ ಹೆಚ್ಚು ಮಾಲಿನ್ಯ ಉಂಟುಮಾಡುತ್ತದೆ ಎಂಬುದು ನಿಜ, ಮತ್ತು ಸವೆದ ಎಂಜಿನ್ನನ್ನು ಹಾಗೆಯೇ ಓಡಿಸದೆ ಸರಿಯಾಗಿ ಕಟ್ಟಬೇಕೆಂಬುದಕ್ಕೆ ಇದೂ ಒಂದು ಕಾರಣ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗಿರುವುದರಿಂದ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ದಾಖಲೆಗೆ ಹೊಂದುತ್ತವೆಯೇ ಎಂಬುದನ್ನು ಮೊದಲ ನಟ್ಟು ಬಿಚ್ಚುವ ಮುನ್ನವೇ ನೋಡಿಕೊಳ್ಳಬೇಕು. ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಆರಂಭದ ಕೆಲವು ನೂರು ಕಿಲೋಮೀಟರು ಪೂರ್ತಿ ಆಕ್ಸಿಲರೇಟರ್ ಕೊಡದೆ, ಎಳೆದಾಡಿಸದೆ, ನಡುನಡುವೆ ನಿಲ್ಲಿಸಿ ತಣಿಯಲು ಬಿಟ್ಟು ಓಡಿಸಿ, ಅನಂತರ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಪಾಯಿಂಟಿನ ಅಂತರವನ್ನು ಮರುಪರೀಕ್ಷಿಸಿದ ಮೇಲಷ್ಟೇ ಗಾಡಿಯನ್ನು ದೂರದ ಪ್ರಯಾಣಕ್ಕೆ ಒಯ್ಯಬಹುದು.